ಮೂರನೆಯ ಫಲಕದ ಸಾಕ್ಷಿ

ಹವ್ಯಾಸಕ್ಕೆಂದು ಸಣ್ಣದೊಂದು ಸಿಎನ್‌ಸಿ ಯಂತ್ರ ಕಟ್ಟಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಮೋಟಾರು ಬಂದಿರುತ್ತದೆ, ಹಳಿಗಳು ಬಂದಿರುತ್ತವೆ, ಕಂಪ್ಯೂಟರಿನ ಆಜ್ಞೆಯನ್ನು ಮೋಟಾರಿಗೆ ತಿಳಿಸುವ ಅಂಗೈಯಗಲದ ಬೋರ್ಡೂ ಬಂದಿರುತ್ತದೆ. ಆದರೆ ಕೆತ್ತಬೇಕಾದ ಮರದ ತುಂಡನ್ನು ಯಾವುದರ ಮೇಲೆ ಮಲಗಿಸುವುದು? ಆ ಹಾಸು ಮಟ್ಟಸವಾಗಿರಬೇಕು. ದುಬಾರಿಯೂ ಆಗಿರಬಾರದು. ಈ ಎರಡು ಮಾತುಗಳು ಒಟ್ಟಿಗೆ ಹೋಗುವಂತಾಗಲು ಮನುಷ್ಯ ಇನ್ನೂರು ವರ್ಷ ಶ್ರಮಪಟ್ಟಿದ್ದಾನೆ. ಈ ಬರಹ ಆ ಇನ್ನೂರು ವರ್ಷಗಳ ಕುರಿತದ್ದು.

ಮೊದಲು ಯಂತ್ರದ ವಿಷಯ. ಸಿಎನ್‌ಸಿ ಎಂದರೆ, ಎಡಬಲ, ಹಿಂದುಮುಂದು, ಮೇಲೆಕೆಳಗೆ ಹೀಗೆ ಮೂರು ದಿಕ್ಕಿಗೆ ಚಲಿಸುವ ಒಂದು ತಿರುಗುವ ಉಳಿ, ಮತ್ತು ಆ ಚಲನೆಯನ್ನು ಅಂಕಿಗಳ ಮೂಲಕ ಹೇಳುವ ಕಂಪ್ಯೂಟರು. ಕಂಪ್ಯೂಟರು 'ಒಂದು ಮಿಲಿಮೀಟರ್ ಕೆಳಗೆ ಇಳಿ' ಎನ್ನುತ್ತದೆ, ಉಳಿ ಇಳಿಯುತ್ತದೆ. ಹಾಸಿನ ಒಂದು ಮೂಲೆ ಅರ್ಧ ಮಿಲಿಮೀಟರ್ ತಗ್ಗಾಗಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಮನೆಯ ಹೆಸರಿನ ಫಲಕವನ್ನು 90 ಡಿಗ್ರಿಯ ಚೂಪು ಉಳಿಯಿಂದ ಕೆತ್ತುತ್ತಿದ್ದೀರಿ ಎಂದುಕೊಳ್ಳಿ. ಆಳದಲ್ಲಿ 0.2 ಮಿಲಿಮೀಟರ್ ವ್ಯತ್ಯಾಸ ಬಂದರೆ ಗೆರೆಯ ಅಗಲದಲ್ಲಿ 0.4 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಎಡಗಡೆಯ ಅಕ್ಷರ ದಪ್ಪ, ಬಲಗಡೆಯ ಅಕ್ಷರ ಸಪೂರ. ಎಲೆಕ್ಟ್ರಾನಿಕ್ ಸರ್ಕೀಟಿನ ತಗಡು ಕೆತ್ತುವವರ ಪಾಡು ಇನ್ನೂ ಕಷ್ಟದ್ದು. ಅಲ್ಲಿ ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ನಾವು ಬರೆಯುವ ಕಾಗದದ ಮೂರನೆಯ ಒಂದು ಭಾಗದಷ್ಟು ದಪ್ಪ. ಹಾಸು ಎರಡು ಕಾಗದದ ದಪ್ಪದಷ್ಟು ತಗ್ಗಿದ್ದರೆ ಸಾಕು, ಉಳಿ ತಾಮ್ರವನ್ನು ಮುಟ್ಟದೆ ಗಾಳಿಯಲ್ಲಿ ಓಡಾಡಿ ಬರುತ್ತದೆ.

ಹಾಗಾದರೆ ಮಟ್ಟಸವಾದದ್ದನ್ನು ಎಲ್ಲಿಂದ ತರುವುದು? ಗಾರೆ ಕೆಲಸದವರು ರಸಮಟ್ಟ ಇಡುತ್ತಾರೆ, ನೂಲು ಕಟ್ಟುತ್ತಾರೆ. ಬಡಗಿ ಮಟ್ಟಗೋಲನ್ನು ಹಲಗೆಯ ಮೇಲಿಟ್ಟು ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಆದರೆ ಆ ಮಟ್ಟಗೋಲು ನೇರವಾಗಿದೆ ಎಂದು ಹೇಳಿದವರು ಯಾರು? ಅದನ್ನು ಇನ್ನೊಂದು ಮಟ್ಟಗೋಲಿಗೆ ಹಿಡಿದು ನೋಡಿದವರು. ಆ ಇನ್ನೊಂದನ್ನು? ಹೀಗೆ ಹಿಂದೆ ಹಿಂದೆ ಹೋದರೆ ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ತಕರಾರಿಗೆ ಬಂದು ಮುಟ್ಟುತ್ತೇವೆ. ಒಂದು ಚಪ್ಪಟೆ ವಸ್ತುವನ್ನು ಮಾಡಲು ಇನ್ನೊಂದು ಚಪ್ಪಟೆ ವಸ್ತು ಬೇಕು. ಮೊದಲನೆಯದು ಎಲ್ಲಿಂದ ಬಂತು?

ಎರಡು ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಉಜ್ಜಿದರೆ ಎರಡೂ ಚಪ್ಪಟೆಯಾಗುತ್ತವೆ ಎಂದು ಯಾರಿಗಾದರೂ ತೋರುತ್ತದೆ. ಆಗುವುದು ಹಾಗಲ್ಲ. ದೂರದರ್ಶಕದ ಕನ್ನಡಿ ತಯಾರಿಸುವವರು ಇದನ್ನು ಚೆನ್ನಾಗಿ ಬಲ್ಲರು. ಎರಡು ಗಾಜಿನ ಬಿಲ್ಲೆಗಳ ನಡುವೆ ಕುರುಂದದ ಪುಡಿ ಹಾಕಿ ತೀಡುತ್ತ ಹೋದರೆ ಮೇಲಿನದು ಒಳಕ್ಕೆ ಬಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಎರಡೂ ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತವೆ, ನಡುವೆ ಕೂದಲೆಳೆಯಷ್ಟೂ ಸಂದು ಇರುವುದಿಲ್ಲ. ಆದರೆ ಎರಡರಲ್ಲಿ ಒಂದೂ ಚಪ್ಪಟೆಯಲ್ಲ. ಕನ್ನಡಿ ಮಾಡುವವರಿಗೆ ಬೇಕಾದದ್ದೂ ಅದೇ. ಚಪ್ಪಟೆ ಬೇಕಾದವರಿಗೆ ಮಾತ್ರ ಇದು ದೊಡ್ಡ ಮೋಸ. ಹೊಂದಾಣಿಕೆ ಇದೆ, ಸತ್ಯ ಇಲ್ಲ.

ಈ ಗಂಟನ್ನು ಬಿಡಿಸಿದ ಜಾಗ ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿದ್ದ ಒಂದು ಕಾರ್ಖಾನೆ. ಅದರ ಒಡೆಯ ಹೆನ್ರಿ ಮಾಡ್‌ಸ್ಲೇ. 1771ರಲ್ಲಿ ವುಲ್‌ವಿಚ್‌ನಲ್ಲಿ ಹುಟ್ಟಿದ ಈತ ಬೀಗಗಳಿಗೆ ಹೆಸರಾದ ಜೋಸೆಫ್ ಬ್ರಾಮಾ ಬಳಿ ಕೆಲಸ ಮಾಡಿ, ಆಮೇಲೆ ಸ್ವಂತ ಕಾರ್ಖಾನೆ ತೆರೆದವನು. ಕೆಲಸದಲ್ಲಿ ನಿಖರತೆ ಅವನಿಗೆ ಹಟವೇ ಆಗಿತ್ತು. ಅಳತೆಯ ಜಗಳ ಬಂದರೆ ತೀರ್ಪು ಹೇಳಲೆಂದು ಅವನು ಒಂದು ಮೈಕ್ರೋಮೀಟರ್ ಮಾಡಿಟ್ಟುಕೊಂಡಿದ್ದ. ಅದರ ಮೇಲೆ ಮೇಲ್ಮನವಿ ಇಲ್ಲದ ಕಾರಣ ಅದಕ್ಕೆ 'ಲಾರ್ಡ್ ಚಾನ್ಸಲರ್' ಎಂದು ಹೆಸರಿಟ್ಟಿದ್ದ. 1829ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ, ಮುಂದೆ ಆವಿ ಸುತ್ತಿಗೆಯಿಂದ ಪ್ರಸಿದ್ಧನಾದ ಜೇಮ್ಸ್ ನ್ಯಾಸ್ಮಿತ್ ತನ್ನ ಆತ್ಮಕಥೆಯಲ್ಲಿ ಆ ಕಾರ್ಖಾನೆಯ ಬೆಂಚುಗಳ ಮೇಲಿದ್ದ ಮಟ್ಟಸ ಫಲಕಗಳ ವಿಷಯ ಬರೆದಿದ್ದಾನೆ. ಕೆಲಸಗಾರರು ತಾವು ಅರದಿಂದ ಉಜ್ಜಿದ ಭಾಗವನ್ನು ಆ ಫಲಕದ ಮೇಲಿಟ್ಟು ಪರೀಕ್ಷಿಸಿಕೊಳ್ಳಬೇಕಿತ್ತು. ಅಂದರೆ ಆ ಕಾರ್ಖಾನೆಯಲ್ಲಿ 'ಚಪ್ಪಟೆ' ಎಂಬುದು ಮೇಸ್ತ್ರಿಯ ಬಾಯಿಮಾತಾಗಿರಲಿಲ್ಲ. ಬೆಂಚಿನ ಮೇಲೆ ಎಲ್ಲರ ಕೈಗೆ ಸಿಗುವಂತೆ ಇಟ್ಟ ವಸ್ತುವಾಗಿತ್ತು.

1825ರಲ್ಲಿ ಅಲ್ಲಿಗೆ ಬಂದ ಇನ್ನೊಬ್ಬ ತರುಣ ಜೋಸೆಫ್ ವಿಟ್‌ವರ್ತ್. 1803ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದವನು. ಮಾಡ್‌ಸ್ಲೇ ಅವನನ್ನು ತನ್ನ ಅತ್ಯುತ್ತಮ ಕೆಲಸಗಾರ, ಯಾರ್ಕ್‌ಶೈರಿನ ಜಾನ್ ಹ್ಯಾಂಪ್ಸನ್ ಎಂಬವನ ಪಕ್ಕದ ಬೆಂಚಿನಲ್ಲಿ ಕೂರಿಸಿದ. ನಿಜವಾದ ಸಮತಲವನ್ನು ಪಡೆಯುವ ವಿಧಾನವನ್ನು ವಿಟ್‌ವರ್ತ್ ಕಂಡುಕೊಂಡದ್ದು ಈ ವರ್ಷಗಳಲ್ಲಿ ಎಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅದರ ಬೇರು ಮಾಡ್‌ಸ್ಲೇಯಲ್ಲೇ ಇತ್ತು ಎನ್ನುವವರೂ ಇದ್ದಾರೆ. ಒಂದೇ ಸೂರಿನಡಿ ಹತ್ತಾರು ಕೈಗಳು ದುಡಿಯುವಲ್ಲಿ ಇಂಥ ವಿದ್ಯೆಗೆ ಒಬ್ಬನೇ ತಂದೆ ಇರುವುದು ಅಪರೂಪ. ಅದನ್ನು ಜಗತ್ತಿನ ಮುಂದೆ ಸ್ಪಷ್ಟವಾಗಿ ಮಂಡಿಸಿದವನು ಮಾತ್ರ ವಿಟ್‌ವರ್ತ್. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ಲೋಹದ ಸಮತಲಗಳ ಕುರಿತು ಅವನು ಪ್ರಬಂಧ ಓದಿದ.

ಆ ವಿಧಾನದ ಜೀವಾಳ ಇಷ್ಟೇ: ಫಲಕಗಳು ಎರಡಲ್ಲ, ಮೂರು ಇರಬೇಕು. ಅವನ್ನು ಅ, ಆ, ಇ ಎಂದು ಕರೆಯೋಣ. ಅ ಮತ್ತು ಆ ಒಂದಕ್ಕೊಂದು ಕೂಡುವಂತೆ ಮಾಡಿದ್ದೀರಿ. ಆದರೆ ಅ ಉಬ್ಬಿದ್ದು ಆ ತಗ್ಗಾಗಿರಬಹುದು. ಈಗ ಇ ಎಂಬ ಫಲಕವನ್ನೂ ಅಕ್ಕೆ ಹೊಂದುವಂತೆ ಮಾಡಿ. ಅ ಉಬ್ಬಿದ್ದರೆ ಇ ಕೂಡ ತಗ್ಗಾಗಿಯೇ ಇರಬೇಕು. ಈಗ ಆ ಮತ್ತು ಇ ಎರಡನ್ನೂ ಮುಖಾಮುಖಿ ಇಡಿ. ಎರಡು ಬೊಗಸೆಗಳನ್ನು ಒಂದರ ಮೇಲೊಂದು ಕವಿದಂತೆ ಅಂಚುಗಳು ಮಾತ್ರ ತಾಗುತ್ತವೆ, ನಡುವೆ ಟೊಳ್ಳು. ಅಷ್ಟು ಹೊತ್ತು ಹೊಂದಾಣಿಕೆಯಲ್ಲಿ ಮುಚ್ಚಿಹೋಗಿದ್ದ ತಪ್ಪು ಈಗ ಎರಡು ಪಟ್ಟಾಗಿ ಬಯಲಾಗುತ್ತದೆ. ಎರಡರಿಂದಲೂ ಸಮನಾಗಿ ತುಸು ಕೆರೆದು ತೆಗೆಯಿರಿ. ಮತ್ತೆ ಅಕ್ಕೆ ಹೊಂದಿಸಿ. ಮತ್ತೆ ಅದಲುಬದಲು ಮಾಡಿ. ಹೀಗೆ ಸುತ್ತುತ್ತ ಹೋದರೆ ಅ ಆಗೆ, ಆ ಇಗೆ, ಇ ಅಗೆ ಹೊಂದುವ ಒಂದು ಹಂತ ಬರುತ್ತದೆ. ಮೂರೂ ಉಬ್ಬಿದ್ದರೆ ಹೊಂದುವುದಿಲ್ಲ, ಮೂರೂ ತಗ್ಗಿದ್ದರೂ ಹೊಂದುವುದಿಲ್ಲ. ಹಪ್ಪಳದಂತೆ ಮೂಲೆಗಳು ತಿರುಚಿಕೊಂಡಿರುವ ಸಾಧ್ಯತೆಯೊಂದು ಮಾತ್ರ ಉಳಿಯುತ್ತದೆ. ಒಂದು ಫಲಕವನ್ನು ಕಾಲು ಸುತ್ತು ತಿರುಗಿಸಿಟ್ಟು ನೋಡಿದರೆ ಅದೂ ಸಿಕ್ಕಿಬೀಳುತ್ತದೆ. ಆಮೇಲೆ ಉಳಿಯುವ ಉತ್ತರ ಒಂದೇ: ಮೂರೂ ಚಪ್ಪಟೆ.

ಇದರಲ್ಲಿ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಈ ಕೆಲಸ ಆರಂಭವಾದಾಗ ಕಾರ್ಖಾನೆಯಲ್ಲಿ ಚಪ್ಪಟೆಯಾದದ್ದು ಯಾವುದೂ ಇರಬೇಕಿಲ್ಲ. ಮೂರು ಒರಟು ಬೀಡುಕಬ್ಬಿಣದ ತುಂಡುಗಳು, ಒಂದು ಕೈ ಉಳಿ, ಎಣ್ಣೆಯಲ್ಲಿ ಕಲಸಿದ ಕಾವಿಯಂಥ ಬಣ್ಣ, ತಾಳ್ಮೆ. ಇಷ್ಟರಿಂದ, ಯಾರ ಹಂಗೂ ಇಲ್ಲದೆ, ಸಮತಲ ಹುಟ್ಟುತ್ತದೆ. ಬೀಜವೂ ಇಲ್ಲದೆ ಮರವೂ ಇಲ್ಲದೆ ಹಣ್ಣು ಬಿಟ್ಟ ಹಾಗೆ.

ಬಣ್ಣದ ಪಾತ್ರವನ್ನೂ ಹೇಳಬೇಕು. ಒಂದು ಫಲಕಕ್ಕೆ ತೆಳುವಾಗಿ ಬಣ್ಣ ಬಳಿದು ಇನ್ನೊಂದನ್ನು ಅದರ ಮೇಲೆ ಹಗುರವಾಗಿ ಸರಿಸಿದರೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ಮಾತ್ರ ಬಣ್ಣ ಅಂಟುತ್ತದೆ. ಕೆಲಸಗಾರ ಆ ಚುಕ್ಕೆಗಳನ್ನಷ್ಟೇ ಕೈ ಉಳಿಯಿಂದ ಕೆರೆಯುತ್ತಾನೆ. ಮೊದಲು ನಾಲ್ಕಾರು ದೊಡ್ಡ ಮಚ್ಚೆಗಳು ಕಾಣುತ್ತವೆ. ಕೆಲಸ ಸಾಗಿದಂತೆ ಮಚ್ಚೆಗಳು ಒಡೆದು ನೂರಾರು ಸಣ್ಣ ಚುಕ್ಕೆಗಳಾಗಿ ಮೈತುಂಬ ಹರಡುತ್ತವೆ. ಅಲ್ಲಿಯವರೆಗೆ ಫಲಕಗಳಿಗೆ ಕುರುಂದದ ಪುಡಿ ಹಾಕಿ ತೀಡುವುದು ರೂಢಿಯಲ್ಲಿತ್ತು. ವಿಟ್‌ವರ್ತ್ ಅದನ್ನು ಖಂಡಿಸಿದ. ಪುಡಿ ತನಗೆ ಬೇಕಾದ ಕಡೆ ಕೊರೆಯುತ್ತದೆ, ಅದಕ್ಕೆ ಉಬ್ಬು ಯಾವುದು ತಗ್ಗು ಯಾವುದು ಎಂಬ ವಿವೇಚನೆ ಇಲ್ಲ. ಉಳಿ ಹಿಡಿದ ಕೈಗೆ ಆ ವಿವೇಚನೆ ಇದೆ ಎಂಬುದು ಅವನ ವಾದ. ಹೀಗೆ ತಯಾರಾದ ಎರಡು ಫಲಕಗಳನ್ನು ಒಂದರ ಮೇಲೊಂದು ಇಟ್ಟರೆ ಮೇಲಿನದು ನಡುವಿನ ಗಾಳಿಯ ಪದರದ ಮೇಲೆ ತೇಲಿದಂತೆ ಜಾರುತ್ತಿತ್ತು. ಆ ಗಾಳಿಯನ್ನು ಹೊರದೂಡಿ ಒತ್ತಿದರೆ ಎರಡೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿದ್ದವು.

ವಿಟ್‌ವರ್ತ್ ಇನ್ನೂ ಒಂದು ಎಚ್ಚರ ವಹಿಸಿದ. ಫಲಕದ ಬೆನ್ನಿಗೆ ಪಕ್ಕೆಲುಬುಗಳಂಥ ಏಣುಗಳನ್ನು ಎರಕದಲ್ಲೇ ಕೂಡಿಸಿ, ಅದನ್ನು ಮೂರು ಬಿಂದುಗಳ ಮೇಲೆ ಮಾತ್ರ ನಿಲ್ಲಿಸಿದ. ನಾಲ್ಕು ಕಾಲಿನ ಮಣೆ ಏರುಪೇರಾದ ನೆಲದ ಮೇಲೆ ಕುಂಟುತ್ತದೆ. ಮೂರು ಕಾಲಿನದು ಎಂಥ ನೆಲದ ಮೇಲೂ ಕುಂಟದೆ ಕೂರುತ್ತದೆ. ನೆಲದ ಸೊಟ್ಟ ಫಲಕಕ್ಕೆ ಅಂಟಬಾರದು ಎಂಬುದು ಅದರ ಮರ್ಮ.

1833ರಲ್ಲಿ ವಿಟ್‌ವರ್ತ್ ಮ್ಯಾಂಚೆಸ್ಟರಿಗೆ ಹೋಗಿ ಸ್ವಂತ ಕಾರ್ಖಾನೆ ತೆರೆದ. 1841ರಲ್ಲಿ ತಿರುಪುಗಳ ಏಕರೂಪತೆಯ ಕುರಿತು ಪ್ರಸ್ತಾಪ ಮುಂದಿಟ್ಟ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ತೋರಿಸಬಲ್ಲ ಅಳತೆಯಂತ್ರವನ್ನು ಇಟ್ಟು ಜನರನ್ನು ಬೆರಗುಗೊಳಿಸಿದ. ಇವೆಲ್ಲದರ ಬುಡದಲ್ಲಿ ಇದ್ದದ್ದು ಆ ಮೂರು ಫಲಕಗಳೇ. ಫಲಕ ಸರಿಯಿದ್ದರೆ ಲೇತಿನ ಹಾಸು ಸರಿ. ಹಾಸು ಸರಿಯಿದ್ದರೆ ಅದರ ಮೇಲೆ ಕಡೆದ ತಿರುಪು ಸರಿ. ತಿರುಪು ಸರಿಯಿದ್ದರೆ ಅಳತೆ ಸರಿ. ಲೋಹವನ್ನು ಹೆರೆದು ಮಟ್ಟ ಮಾಡುವ ಪ್ಲೇನಿಂಗ್ ಯಂತ್ರಗಳೂ ಇದೇ ಕಾಲದವು. ರಿಚರ್ಡ್ ರಾಬರ್ಟ್ಸ್ 1817ರಲ್ಲಿ ಒಂದನ್ನು ಮಾಡಿದ್ದ. ಜೋಸೆಫ್ ಕ್ಲೆಮೆಂಟ್ ಇನ್ನೊಂದನ್ನು ಮಾಡಿ ಅದನ್ನು ಬೇರೆಯವರ ಕೆಲಸಕ್ಕೂ ಓಡಿಸಿ ಹಣ ಗಳಿಸಿದ. ಈ ಕ್ಲೆಮೆಂಟನೇ ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರದ ಬಿಡಿಭಾಗಗಳನ್ನು ಮಾಡಿಕೊಟ್ಟವನು. ವಿಟ್‌ವರ್ತ್ ಕೂಡ ಕೆಲಕಾಲ ಅವನ ಬಳಿ ದುಡಿದಿದ್ದ. ಚಪ್ಪಟೆಯ ವಿದ್ಯೆ ಮತ್ತು ಗಣಕದ ಕನಸು ಒಮ್ಮೆ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ಇದ್ದವು. ಎರಡೂ ಮತ್ತೆ ಒಂದೇ ಯಂತ್ರದಲ್ಲಿ ಕೂಡಲು ಶತಮಾನ ಹಿಡಿಯಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅರ ಹಿಡಿದು ಕಬ್ಬಿಣವನ್ನು ಮಟ್ಟ ಮಾಡುವುದು ಹಲವು ವರ್ಷ ಕಲಿತು ಗಳಿಸಿದ ವಿದ್ಯೆಯಾಗಿತ್ತು. ಅದನ್ನು ಯಂತ್ರ ಮಾಡತೊಡಗಿದಾಗ, ಯಂತ್ರದ ಮುಂದೆ ಕಡಿಮೆ ಕೂಲಿಯ, ತರಬೇತಿಯಿಲ್ಲದ ಆಳನ್ನು ನಿಲ್ಲಿಸಬಹುದಲ್ಲ ಎಂದು ಮಾಲೀಕರಿಗೆ ತೋರಿತು. 1852ರ ಆರಂಭದಲ್ಲಿ ಲಂಡನ್ ಮತ್ತು ಲ್ಯಾಂಕಶೈರಿನ ಯಂತ್ರ ಕಾರ್ಖಾನೆಗಳು ಬೀಗ ಜಡಿದು ಕೆಲಸಗಾರರನ್ನು ಹೊರಗಿಟ್ಟವು. ಹೆಚ್ಚುವರಿ ದುಡಿಮೆ, ತುಂಡುಗೂಲಿ, ಯಂತ್ರಗಳ ಮುಂದೆ ತರಬೇತಿಯಿಲ್ಲದವರನ್ನು ನಿಲ್ಲಿಸುವುದು, ಇವು ಆ ಜಗಳದ ವಿಷಯಗಳು. ಕೆಲವು ತಿಂಗಳ ನಂತರ ಕೆಲಸಗಾರರು ಸೋತು ಮರಳಿದರು. ಕೈಯಲ್ಲಿದ್ದ ಚಪ್ಪಟೆ ಯಂತ್ರಕ್ಕೆ ಹೋದಾಗ ಅದರ ಜೊತೆ ಒಂದಿಷ್ಟು ಅಧಿಕಾರವೂ ಕೈ ಬದಲಾಯಿಸಿತು. 1868ರಲ್ಲಿ ವಿಟ್‌ವರ್ತ್ ಯಂತ್ರವಿದ್ಯೆ ಕಲಿಯುವ ತರುಣರಿಗಾಗಿ ಒಂದು ಲಕ್ಷ ಪೌಂಡಿನ ನಿಧಿಯಿಂದ ವಿದ್ಯಾರ್ಥಿವೇತನ ಸ್ಥಾಪಿಸಿದ. ಪುಸ್ತಕದ ಓದಿನ ಜೊತೆ ಕೈಕೆಲಸವೂ ಬಲ್ಲವರಿಗೆ ಅದು ಮೀಸಲು. ಕೈ ಕಳೆದುಕೊಳ್ಳುತ್ತಿರುವುದು ಏನೆಂದು ಅವನಿಗೂ ಗೊತ್ತಿದ್ದಿರಬೇಕು.

ಮುಂದಿನ ನೂರು ವರ್ಷ ಚಪ್ಪಟೆ ಎಂದರೆ ಬೀಡುಕಬ್ಬಿಣವೇ. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದಾಗ ಅಮೆರಿಕದ ಓಹಿಯೋ ರಾಜ್ಯದ ಡೇಟನ್ನಿನಲ್ಲಿ ವಾಲೇಸ್ ಹರ್ಮನ್ ಎಂಬಾತ ಕಲ್ಲಿನತ್ತ ತಿರುಗಿದ. ಲೋಹದ ಬಿಡಿಭಾಗಗಳ ಜೊತೆಗೆ ಅವನಿಗೆ ಸ್ಮಾರಕದ ಕಲ್ಲುಗಳ ಅಂಗಡಿಯೂ ಇತ್ತು. ಗೋರಿಗೆ ಇಡುವ ಗ್ರಾನೈಟಿನಲ್ಲೇ ಅಳತೆಯ ಫಲಕ ಮಾಡಿದ. ಅನಿವಾರ್ಯಕ್ಕೆ ಹಿಡಿದ ದಾರಿ ಮೊದಲಿನದಕ್ಕಿಂತ ಉತ್ತಮವಾಗಿತ್ತು. ಕಲ್ಲಿಗೆ ತುಕ್ಕು ಹಿಡಿಯುವುದಿಲ್ಲ. ಬಿಸಿಲಿಗೆ ಅದು ಉಕ್ಕಿನ ಸುಮಾರು ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಕಬ್ಬಿಣಕ್ಕೆ ಏನಾದರೂ ಬಡಿದರೆ ಪೆಟ್ಟು ಬಿದ್ದ ಜಾಗದ ಸುತ್ತ ಅಂಚು ಎದ್ದು ನಿಲ್ಲುತ್ತದೆ, ಮೇಲಿಟ್ಟ ವಸ್ತುವನ್ನು ಅದು ಎತ್ತಿಬಿಡುತ್ತದೆ. ಕಲ್ಲಿನ ಚಕ್ಕೆ ಹಾರಿಹೋಗುತ್ತದೆ, ಅಷ್ಟೇ. ಕುಳಿ ಬೀಳುತ್ತದೆ ಹೊರತು ಗುಬ್ಬಿ ಏಳುವುದಿಲ್ಲ.

ಈ ಹಂತದಲ್ಲಿ ಕಥೆ ನಮ್ಮ ನೆಲವನ್ನೂ ಮುಟ್ಟುತ್ತದೆ. ಚಾಮರಾಜನಗರ, ಕನಕಪುರ, ಕುಣಿಗಲ್ ಕಡೆಯ ಕರಿಕಲ್ಲು ವ್ಯಾಪಾರದಲ್ಲಿ 'ಬ್ಲ್ಯಾಕ್ ಗ್ರಾನೈಟ್' ಎಂದು ಹೆಸರಾಗಿದೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇಂಥ ಕಲ್ಲು ಗ್ರಾನೈಟ್ ಅಲ್ಲ, ಡೋಲರೈಟ್ ಜಾತಿಯದು. ಸಣ್ಣ ಕಣದ, ಬಿಗಿಯಾದ ಕಲ್ಲಾದ್ದರಿಂದ ಅಳತೆಯ ಫಲಕಕ್ಕೆ ಹೇಳಿ ಮಾಡಿಸಿದಂತಿದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾಯಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಸಿಎಂಟಿಐ ಬಂತು. ಇವುಗಳ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಬೆಳೆದವು. ಬಣ್ಣ ಬಳಿದು, ಚುಕ್ಕೆ ನೋಡಿ, ಕೆರೆಯುವ ಫಿಟ್ಟರುಗಳ ವಿದ್ಯೆ ಹೀಗೆ ಲ್ಯಾಂಬೆತ್‌ನಿಂದ ಹೊರಟು ಬೆಂಗಳೂರಿನ ಕೈಗಾರಿಕಾ ಬಡಾವಣೆಗಳ ತನಕ ಬಂತು. ಇಂದಿಗೂ ಒಳ್ಳೆಯ ಲೇತಿನ ಹಾಸಿನ ಮೇಲೆ ಬೆರಳಾಡಿಸಿದರೆ ಆ ಕೆರೆದ ಗುರುತುಗಳು ಮೀನಿನ ಪೊರೆಯಂತೆ ಕಾಣಿಸುತ್ತವೆ.

ಅಷ್ಟಾದರೂ ಕಬ್ಬಿಣವೂ ಕಲ್ಲೂ ಕಾರ್ಖಾನೆಯ ಸ್ವತ್ತಾಗಿಯೇ ಉಳಿದವು. ಚಪ್ಪಟೆ ಜನಸಾಮಾನ್ಯರ ಮನೆಗೆ ಬಂದದ್ದು ಗಾಜಿನ ರೂಪದಲ್ಲಿ. ಇಪ್ಪತ್ತನೆಯ ಶತಮಾನದ ನಡುವಿನ ತನಕ ಒಳ್ಳೆಯ ಗಾಜು ಬೇಕಾದರೆ ಎರಕ ಹೊಯ್ದ ದಪ್ಪ ಗಾಜನ್ನು ಎರಡೂ ಕಡೆ ತೀಡಿ ಮೆರುಗು ಕೊಡಬೇಕಿತ್ತು. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ ಅಲಸ್ಟೇರ್ ಪಿಲ್ಕಿಂಗ್ಟನ್ ಮತ್ತು ಸಂಗಡಿಗರು 1952ರಿಂದ ಏಳು ವರ್ಷ ಬೆವರಿಳಿಸಿ ಬೇರೊಂದು ದಾರಿ ಕಂಡರು, 1959ರಲ್ಲಿ ಅದನ್ನು ಪ್ರಕಟಿಸಿದರು. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ಹರಿಯಬಿಡುವುದು. ಎಣ್ಣೆ ನೀರಿನ ಮೇಲೆ ಹರಡಿದಂತೆ ಗಾಜು ತವರದ ಮೇಲೆ ಹರಡುತ್ತದೆ, ತೇಲುತ್ತಲೇ ಗಟ್ಟಿಯಾಗುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಗಾಜು ಬಿಗಿಯುವ ಬಿಸಿಯಲ್ಲೂ ತವರ ದ್ರವವಾಗಿಯೇ ಇರುತ್ತದೆ. ಆದ್ದರಿಂದಲೇ ಇದು ಸಾಧ್ಯ. ನಿಂತ ದ್ರವದ ಮೈ ಎಷ್ಟು ಮಟ್ಟಸ? ಭೂಮಿ ಗುಂಡಾಗಿರುವುದರಿಂದ ಅದೂ ತುಸು ಉಬ್ಬಿರಲೇಬೇಕು. ಒಂದು ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ಆ ಉಬ್ಬು ಒಂದು ಮೈಕ್ರಾನಿನ ಐವತ್ತನೆಯ ಒಂದು ಭಾಗ. ವಿಟ್‌ವರ್ತ್ ಕೆರೆದು ಕೆರೆದು ಪಡೆದದ್ದನ್ನು ಇಲ್ಲಿ ಗುರುತ್ವಾಕರ್ಷಣೆ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಇಂದು ಯಾವ ಊರಿನ ಗಾಜಿನಂಗಡಿಗೆ ಹೋದರೂ ಸಿಗುವ ಹತ್ತು ಮಿಲಿಮೀಟರಿನ ದಪ್ಪ ಗಾಜು ಇದೇ ಕುಲದ್ದು. ಅಳತೆಯ ಫಲಕದಷ್ಟು ನಿಖರವಲ್ಲ, ಆಧಾರ ಸರಿಯಿಲ್ಲದಿದ್ದರೆ ಬಾಗುತ್ತದೆ. ಆದರೆ ಬೆಲೆಗೆ ಹೋಲಿಸಿದರೆ ಅಷ್ಟು ಚಪ್ಪಟೆಯಾದ ವಸ್ತು ಬೇರೊಂದಿಲ್ಲ.

ಇನ್ನು ಅಂಕಿಗಳಿಂದ ನಡೆಯುವ ಯಂತ್ರದ ಕಥೆ. ಅಮೆರಿಕದ ಮಿಷಿಗನ್ನಿನ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳ ಬಾಗು ಮೈಯನ್ನು ಅಂಕಿಪಟ್ಟಿ ನೋಡಿ ಕಡೆಯುವ ದಾರಿ ಹುಡುಕುತ್ತಿದ್ದ. ವಾಯುಪಡೆಯ ಹಣದಲ್ಲಿ ಎಂಐಟಿಯ ಪ್ರಯೋಗಾಲಯ ಆ ಕೆಲಸ ಕೈಗೆತ್ತಿಕೊಂಡು 1952ರಲ್ಲಿ ಮೂರು ದಿಕ್ಕಿಗೆ ಚಲಿಸುವ ಯಂತ್ರವನ್ನು ಪ್ರದರ್ಶಿಸಿತು. ಅದರ ಆಜ್ಞೆಗಳು ತೂತು ಹೊಡೆದ ಕಾಗದದ ಪಟ್ಟಿಯಲ್ಲಿದ್ದವು. ಅದರ ನಿಯಂತ್ರಣದ ಪೆಟ್ಟಿಗೆ ಯಂತ್ರಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಿತ್ತು. ಅರ್ಧ ಶತಮಾನ ಕಳೆದು 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗೆಂದು ಆರ್ಡ್ವಿನೊ ಬೋರ್ಡು ಹುಟ್ಟಿತು. 2009ರಲ್ಲಿ ಅದರ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಬಂತು. ಕೋಣೆ ತುಂಬುತ್ತಿದ್ದ ನಿಯಂತ್ರಣ ಅಂಗಿಯ ಜೇಬಿಗೆ ಇಳಿಯಿತು. ಮೆದುಳು ಅಗ್ಗವಾಯಿತು, ಸ್ನಾಯು ಅಗ್ಗವಾಯಿತು. ಹಾಸು ಮಾತ್ರ ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಹೊಸದಾಗಿ ಬಿಡಿಸಿಕೊಳ್ಳಬೇಕಾದ ಲೆಕ್ಕವಾಗಿ ಉಳಿಯಿತು.

ಈ ಲೆಕ್ಕಕ್ಕೆ ಹವ್ಯಾಸಿಗಳು ಕಂಡುಕೊಂಡ ಉತ್ತರ ಎಂಡಿಎಫ್. ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಇದು. ಎಂಟಡಿ ಉದ್ದ ನಾಲ್ಕಡಿ ಅಗಲದ ಹಾಳೆಯಾಗಿ ಪ್ಲೈವುಡ್ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಅದಕ್ಕೆ ಎಳೆಯ ದಿಕ್ಕಿಲ್ಲ, ಗಂಟಿಲ್ಲ, ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ. ಆದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹಲಗೆಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಹಾಗೆಂದು ದಪ್ಪ ಹೆಚ್ಚಿಸುತ್ತ ಹೋದರೆ ತೂಕವೂ ಖರ್ಚೂ ಹೆಚ್ಚುತ್ತವೆ. ಇದಕ್ಕೆ ಉಪಾಯ, ಎರಡು ತೆಳು ಹಲಗೆಗಳ ನಡುವೆ ಚೌಕಚೌಕವಾಗಿ ಪಟ್ಟಿಗಳನ್ನಿಟ್ಟು ಅಂಟಿಸುವುದು. ನಮ್ಮ ಮನೆಗಳ ಟೊಳ್ಳು ಬಾಗಿಲು ಹಗುರವಾಗಿದ್ದೂ ಗಟ್ಟಿಯಾಗಿರುವ ಗುಟ್ಟು ಇದೇ. ವಿಟ್‌ವರ್ತ್ ಫಲಕದ ಬೆನ್ನಿಗಿಟ್ಟ ಏಣುಗಳ ಬಂಧು ಇದು.

ಇಂಥ ಪೆಟ್ಟಿಗೆಗೆ ಒಂದು ಸ್ವಭಾವವಿದೆ. ಅಂಟು ಒಣಗುವ ಹೊತ್ತಿನಲ್ಲಿ ಅದು ಯಾವುದರ ಮೇಲೆ ಮಲಗಿತ್ತೋ ಅದರ ಆಕಾರವನ್ನು ಜನ್ಮಪೂರ್ತಿ ಉಳಿಸಿಕೊಳ್ಳುತ್ತದೆ. ಸೊಟ್ಟ ಮೇಜಿನ ಮೇಲೆ ಅಂಟಿಸಿದರೆ ಸೊಟ್ಟವೇ ಗಟ್ಟಿಯಾಗುತ್ತದೆ. ಆದ್ದರಿಂದ ಅಂಟಿಸುವ ಮುನ್ನ ಕೆಳಗಿನ ಆಧಾರದ ನಾಲ್ಕು ಮೂಲೆಗಳಿಂದ ಕರ್ಣಗಳ ಗುಂಟ ಎರಡು ದಾರ ಎಳೆದು ಕಟ್ಟಿ ನೋಡಬೇಕು. ನಡುವೆ ಎರಡೂ ದಾರ ಒಂದನ್ನೊಂದು ಸವರಿದಂತೆ ತಾಗಿದರೆ ಮೂಲೆಗಳು ಒಂದೇ ತಲದಲ್ಲಿವೆ. ಸಂದು ಬಿದ್ದರೆ ಅಥವಾ ಒಂದು ಇನ್ನೊಂದನ್ನು ಒತ್ತಿದರೆ ತಿರುಚಿದೆ ಎಂದರ್ಥ. ನಾಲ್ಕು ರೂಪಾಯಿಯ ದಾರ ಮಾಡುವ ಈ ಪರೀಕ್ಷೆ, ಫಲಕವನ್ನು ಕಾಲು ಸುತ್ತು ತಿರುಗಿಸಿ ನೋಡಿದ ವಿಟ್‌ವರ್ತನ ಪರೀಕ್ಷೆಯ ಮನೆಮದ್ದು.

ಪೆಟ್ಟಿಗೆಯ ಮೇಲೆ 18 ಮಿಲಿಮೀಟರಿನ ಇನ್ನೊಂದು ಎಂಡಿಎಫ್ ಹಲಗೆ ಕೂರುತ್ತದೆ. ಇದು ಬಲಿಯ ಹಲಗೆ. ಉಳಿ ಕೆಲಸದ ತುಂಡನ್ನು ದಾಟಿ ಕೆಳಗಿಳಿದರೆ ಗಾಯವಾಗುವುದು ಇದಕ್ಕೆ. ತಿರುಪುಗಳ ತಲೆ ಆಳದಲ್ಲಿ ಹುದುಗಿರಬೇಕು, ಇಲ್ಲವಾದರೆ ಉಳಿಗೆ ತಾಗುತ್ತದೆ. ಆಮೇಲೆ ಯಂತ್ರಕ್ಕೆ ಒಂದು ಇಂಚಿನಷ್ಟು ಅಗಲದ ಉಳಿ ಹಾಕಿ, ಹಲಗೆಯ ಮೈಯನ್ನೆಲ್ಲ ಅರ್ಧ ಮಿಲಿಮೀಟರಿಗೂ ಕಡಿಮೆ ಆಳಕ್ಕೆ ಅದರಿಂದಲೇ ಹೆರೆಸುತ್ತಾರೆ. ಹೆರೆಯುವ ಮುನ್ನ ಹಲಗೆಯ ತುಂಬ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆಯುವುದು ರೂಢಿ. ಉಬ್ಬಿದ ಕಡೆ ಗೆರೆ ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲ ಗೆರೆಗಳೂ ಅಳಿಯುವ ತನಕ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮಾಡ್‌ಸ್ಲೇಯ ಬೆಂಚಿನ ಮೇಲೆ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಪೆನ್ಸಿಲು ಮಾಡುತ್ತದೆ. ಹೆರೆದ ಮೈ ಹೆಂಚು ಹೊದಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಉಳಿ ನೆಟ್ಟಗೆ ನಿಂತಿಲ್ಲ ಎಂದು ತಿಳಿಯಬೇಕು. ಎಂಡಿಎಫ್ ದೂಳಿನಲ್ಲಿ ಅಂಟಿನ ಅಂಶ ಇರುವುದರಿಂದ ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ನಿಲ್ಲಬಾರದು.

ಮಂಗಳೂರು, ಉಡುಪಿಯಂಥ ಕರಾವಳಿ ಊರಿನಲ್ಲೋ ಮಲೆನಾಡಿನಲ್ಲೋ ಇರುವವರಿಗೆ ಇನ್ನೂ ಒಂದು ಶತ್ರು ಇದೆ, ಮಳೆಗಾಲ. ಎಂಡಿಎಫ್ ಗಾಳಿಯ ತೇವ ಕುಡಿದು ಊದುತ್ತದೆ. ಬದಿಗಳು ಎಲ್ಲಕ್ಕಿಂತ ಹೆಚ್ಚು ಕುಡಿಯುತ್ತವೆ. ವಾರ್ನಿಷ್ ಬಳಿಯುವುದಾದರೆ ಎರಡೂ ಮುಖಕ್ಕೆ ಒಂದೇ ಸಮ ಬಳಿಯಬೇಕು. ಒಂದೇ ಮುಖ ಮುಚ್ಚಿದರೆ ಇನ್ನೊಂದು ಮುಖ ಮಾತ್ರ ಊದಿ ಹಲಗೆ ದೋಣಿಯಾಗುತ್ತದೆ. ಜೂನ್ ಕಳೆದ ಮೇಲೆ ಮತ್ತೆ ಒಂದು ಪದರ ಹೆರೆಯುವುದು ಅಲ್ಲಿನವರಿಗೆ ಅನಿವಾರ್ಯ. ಕಲ್ಲಿನ ಫಲಕ ದಶಕಗಳ ಕಾಲ ಚಪ್ಪಟೆಯಾಗಿರುತ್ತದೆ. ಈ ಅಗ್ಗದ ಚಪ್ಪಟೆಯನ್ನು ಆಗಾಗ ನವೀಕರಿಸುತ್ತಿರಬೇಕು.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ ಒಂದು ಕ್ಷಣ ನಿಂತು ನೋಡಿ. ಯಂತ್ರ ತನ್ನ ಹಾಸನ್ನು ತಾನೇ ಹೆರೆದುಕೊಂಡಿದೆ. ಹಳಿ ನಡುವೆ ಜೋತಿದ್ದರೆ ಉಳಿಯೂ ನಡುವೆ ಕೆಳಗಿಳಿದಿರುತ್ತದೆ, ಹಾಸೂ ನಡುವೆ ತಗ್ಗಾಗಿರುತ್ತದೆ. ಉಳಿಯ ತುದಿಯಿಂದ ಹಾಸಿಗೆ ಎಲ್ಲ ಕಡೆಯೂ ಒಂದೇ ದೂರ. ಯಂತ್ರವನ್ನು ಕೇಳಿದರೆ ಎಲ್ಲವೂ ಸರಿ ಎನ್ನುತ್ತದೆ. ಇದು ಆ ಎರಡು ಕಲ್ಲುಗಳ ಕಥೆಯೇ. ಒಂದು ಉಬ್ಬು, ಒಂದು ತಗ್ಗು, ನಡುವೆ ಪೂರ್ಣ ಹೊಂದಾಣಿಕೆ. ತೆಳು ಹಾಳೆಯನ್ನು ಹಾಸಿಗೆ ಒತ್ತಿ ಹಿಡಿದು ಕೆತ್ತುವವರಿಗೆ ಇಷ್ಟೇ ಸಾಕಾಗುತ್ತದೆ, ಹಾಳೆಯೂ ಆ ತಗ್ಗಿಗೆ ಬಾಗುತ್ತದೆ. ಗಟ್ಟಿ ಮರದ ಎರಡು ತುಂಡುಗಳನ್ನು ಕಡೆದು ಜೋಡಿಸಲು ಹೊರಟವರಿಗೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಈಗ ಬೇಕಾದದ್ದು ಮೂರನೆಯ ಸಾಕ್ಷಿ. ದಪ್ಪ ಮರದ ಎರಡು ಉದ್ದ ಪಟ್ಟಿಗಳನ್ನು ಹಾಸಿನ ಮೇಲೆ ಒಂದೇ ಜಾಗದಲ್ಲಿ, ಒಂದಾದ ಮೇಲೊಂದು ಬಿಗಿದು, ಮೇಲ್ಮೈಯನ್ನು ಯಂತ್ರದಿಂದ ಹೆರೆಯಿರಿ. ಯಂತ್ರದ ಸೊಟ್ಟ ಎರಡಕ್ಕೂ ಒಂದೇ ರೀತಿ ಇಳಿದಿರುತ್ತದೆ. ಈಗ ಒಂದನ್ನು ಮಗುಚಿ ಇನ್ನೊಂದರ ಮೇಲೆ ಮುಖಾಮುಖಿ ಇಟ್ಟು, ಹಿಂದೆ ದೀಪ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ, ಆ ಸಂದಿನ ಅರ್ಧ ನಿಮ್ಮ ಯಂತ್ರದ ತಗ್ಗು. ನಡುವೆ ತಾಗಿ ತುದಿಗಳಲ್ಲಿ ತೂಗಾಡಿದರೆ ಯಂತ್ರ ಉಬ್ಬಿದೆ. ಅಥವಾ ಗಾಜಿನಂಗಡಿಯಿಂದ ತಂದ ದಪ್ಪ ಗಾಜಿನ ಪಟ್ಟಿಯನ್ನು ಹಾಸಿನ ಮೇಲಿಟ್ಟು, ಅಡಿಯಲ್ಲಿ ಕಾಗದದ ಚೂರು ತೂರಿಸಿ ನೋಡಿ. ಸಾಮಾನ್ಯ ಕಾಗದ ಸುಮಾರು 0.1 ಮಿಲಿಮೀಟರ್ ದಪ್ಪ. ಒಂದು ಹಾಳೆ ನುಸುಳಿತೇ, ಎರಡು ನುಸುಳಿತೇ ಎಂಬುದರಿಂದಲೇ ಅಳತೆ ಸಿಗುತ್ತದೆ. ದುಬಾರಿ ಉಪಕರಣ ಯಾವುದೂ ಬೇಡ.

ಒಂದು ಯಂತ್ರ ತನ್ನ ಬಗ್ಗೆ ತಾನೇ ಕೊಟ್ಟ ಪ್ರಮಾಣಪತ್ರವನ್ನು ನಂಬಬೇಡ, ಇಬ್ಬರು ಒಪ್ಪಿದರೆಂದು ಅದು ನಿಜವಾಗುವುದಿಲ್ಲ, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯದನ್ನು ತಂದಿಟ್ಟು ನೋಡು. ಮೂರು ಫಲಕಗಳ ವಿಧಾನದಿಂದ ನಮಗೆ ಉಳಿದಿರುವ ತಿಳಿವಳಿಕೆ ಇದು. ಬೀಡುಕಬ್ಬಿಣ ಹೋಗಿ ಕಲ್ಲು ಬಂತು, ಕಲ್ಲಿನ ಪಕ್ಕ ಗಾಜು ಬಂತು, ಗಾಜಿನ ಪಕ್ಕ ಮರದ ನಾರಿನ ಹಲಗೆ ಬಂತು. ಪ್ರತಿ ಹೆಜ್ಜೆಗೂ ಚಪ್ಪಟೆಯ ಬೆಲೆ ಇಳಿಯಿತು. ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಯ ಬೆಂಚಿನ ಮೇಲೆ ಮಾತ್ರ ಇದ್ದದ್ದು ಈಗ ಬಾಡಿಗೆ ಮನೆಯ ಬಾಲ್ಕನಿಯಲ್ಲೂ ಇರಬಹುದು. ಬೆಲೆ ಇಳಿಯದೆ ಉಳಿದಿರುವುದು ಪರೀಕ್ಷಿಸಿ ನೋಡುವ ತಾಳ್ಮೆಯೊಂದೇ. ಅದನ್ನು ಪ್ರತಿಯೊಬ್ಬ ಹವ್ಯಾಸಿಯೂ ಕೈಯಾರೆ, ದೀಪ ಹಿಡಿದು, ಕಾಗದದ ಚೂರು ತೂರಿಸುತ್ತ, ಹೊಸದಾಗಿ ಸಂಪಾದಿಸಬೇಕು.